ಕಾಲಗಲಿಸಿ ನಿಂತ ಕುರ್ಚಿಗಳು

ಮೇಲಿನ ಮಹಡಿಯ ಮನೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮೊಳೆಗೆ,

ಅರವತ್ತೊಂದು ದಾಟಿದ ತಮ್ಮನನ್ನು ಹೀಗೆ ಕರೆಯಬಾರದು ಎಂದು ಗೊತ್ತು. ಆದರೆ ಅಪ್ಪನ ಬಡಗಿ ಕೆಲಸದ ಮನೆಯಲ್ಲಿ ಬಾಯಿ ತುಂಬ ಮೊಳೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದವನಿಗೆ ಬೇರೆ ಹೆಸರು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಹೇಗಿದ್ದೀಯ? ಗಡಿಯಾರದ ಸಣ್ಣ ಚಕ್ರಗಳು ಕಾಣುತ್ತಿವೆಯೇ, ಇಲ್ಲ ಅಂಗಡಿಯನ್ನು ಇನ್ನೂ ಮುಚ್ಚಿಯೇ ಇಟ್ಟಿದ್ದೀಯೋ? ಹನಿ ಹಾಕಿಕೊಳ್ಳುವುದನ್ನು ತಪ್ಪಿಸಬೇಡ. ಇಲ್ಲಿ ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅಷ್ಟೇ. ಅಪ್ಪನಿಗೆ ಎಂಬತ್ತೆಂಟಾಯಿತು. ಕಿವಿ ಮಂದ, ಉಳಿದಿರುವ ಹಲ್ಲು ಮೂರು. ಕೋಪ ಮಾತ್ರ ಒಂದು ಚೂರೂ ಸವೆದಿಲ್ಲ.

ಸುದ್ದಿ ಏನೆಂದರೆ, ನಿನ್ನ ಸೊಸೆ, ಅಂದರೆ ನನ್ನ ಮಗಳು, ತನ್ನದೇ ಹಲ್ಲಿನ ದವಾಖಾನೆ ತೆರೆಯುತ್ತಿದ್ದಾಳೆ. ರೋಗಿಗಳು ಕಾಯುವ ಕೋಣೆಗೆ ಎಲ್ಲವೂ ಹಳೆಯ ಕಾಲದ ಮಾದರಿಯದೇ ಬೇಕಂತೆ. "ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರು ಹೆದರ್ಬಾರ್ದಮ್ಮ, ಅಜ್ಜಿ ಮನೇಲಿ ಕೂತ ಹಾಗಿರ್ಬೇಕು" ಎಂಬುದು ಅವಳ ವಾದ. ಅಜ್ಜಿಯರ ಮನೆಯಲ್ಲಿ ಹಲ್ಲನ್ನು ದಾರ ಕಟ್ಟಿ ಕೀಳುತ್ತಿದ್ದರು ಎಂದು ನಾನು ನೆನಪಿಸಲು ಹೋಗಲಿಲ್ಲ. ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ಇಬ್ಬರೂ ಅಂಥ ಸಾಮಾನಿನ ಒಂದು ಅಂಗಡಿಗೆ ಹೋದೆವು. ಹಿಂದೆ ಬಸ್ಸು ನಿಲ್ಲಿಸುತ್ತಿದ್ದ ಶೆಡ್ಡು, ಈಗ ಒಳಗೆಲ್ಲ ಮೂರು ಕಾಲಿನ ದೀಪಗಳು, ಸೂರ್ಯನ ಕಿರಣದಂತೆ ಸುತ್ತ ಕಡ್ಡಿ ಹೊರಟ ಗಡಿಯಾರಗಳು, ಬೆರಳಿಟ್ಟು ತಿರುಗಿಸುವ ಟೆಲಿಫೋನುಗಳು. ಅವುಗಳಲ್ಲಿ ಅರ್ಧ ಹಳೆಯವು, ಅರ್ಧ ಕಳೆದ ತಿಂಗಳು ಮಾಡಿದವು. ಹಿಂದಿನ ಬಾಗಿಲಲ್ಲಿ ಕುಳಿತ ಕೆಲಸಗಾರನೊಬ್ಬ ಹೊಸ ಮೇಜಿನ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ ಹಳೆಯದು ಮಾಡುತ್ತಿದ್ದ, ಅವನ ಪಕ್ಕದವನು ಹಳೆಯ ಮೇಜಿಗೆ ಪಾಲಿಶ್ ಬಳಿದು ಹೊಸದು ಮಾಡುತ್ತಿದ್ದ. ಇಬ್ಬರೂ ಮೇಜು ಬದಲಿಸಿಕೊಂಡರೆ ಕೆಲಸವೇ ಇರುವುದಿಲ್ಲವಲ್ಲ ಎಂದು ನನಗೆ ಅನಿಸಿತು.

ಮೂಲೆಯಲ್ಲಿ ಆರು ಕುರ್ಚಿಗಳಿದ್ದವು. ಮಗಳು ನೇರ ಅಲ್ಲಿಗೇ ಹೋಗಿ ನಿಂತಳು. ನಾನು ಒಂದನ್ನು ಮಗುಚಿ ಹಾಕಿದೆ. "ಅಮ್ಮಾ, ಅಂಗಡೀಲಿ ಮಾನ ಕಳೀಬೇಡ" ಎಂದು ಅವಳು ಪಿಸುಗುಟ್ಟಿದಳು. ಅಂಗಡಿಯವನು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡೇ ಅದನ್ನು ಹುಡುಕುವ ಮನುಷ್ಯ, ಖುಷಿಯಿಂದಲೇ ಹತ್ತಿರ ಬಂದ. ಯಾವುದೋ ಓದುವ ಕೋಣೆ ಕೆಡವಿದಾಗ ಸಿಕ್ಕವಂತೆ. ಹನ್ನೆರಡರಲ್ಲಿ ಆರು ಆಗಲೇ ಹೋದವಂತೆ. "ಕಾಲು ನೋಡಿ ಆಂಟಿ, ಹೆಂಗೆ ಅಗಲಕ್ಕೆ ಬಿಟ್ಟಿದ್ದಾನೆ. ಎಷ್ಟು ಹಿಂದಕ್ಕೆ ವಾಲಿದ್ರೂ ಬೀಳಲ್ಲ. ಆ ಕಾಲದೋರಿಗೆ ಅದೊಂದು ಲೆಕ್ಕಾಚಾರ ಇತ್ತು" ಎಂದ. ಅದೇ ಅಳತೆಯಲ್ಲಿ ಹೊಸದನ್ನೂ ಮಾಡಿಸುತ್ತಿದ್ದಾನೆ. ಆಸನದ ಅಡಿಯಲ್ಲಿ ಅಪ್ಪನ ಪೆನ್ಸಿಲ್ ಗುರುತು ಇದೆಯೇ ಎಂದು ಹುಡುಕಿದೆ. ಆರರಲ್ಲೂ ಇರಲಿಲ್ಲ. ಇಲ್ಲದ್ದರಿಂದಲೇ ನನಗೆ ಖಾತ್ರಿಯಾಯಿತು.

ಹೌದು, ಅವೇ ಕುರ್ಚಿಗಳು. ಅಪ್ಪ ಮರ ತರಲು ಹೋಗಿದ್ದ ಎರಡು ದಿನಗಳಲ್ಲಿ ಓದುವ ಕೋಣೆಯ ನಲವತ್ತು ಆಸನಗಳಿಗೂ ನೀನು, ಓರೆ ಸರಿಯಾಗಿ ಬರಲೆಂದು ಅಡಿಗೆ ಬೆಣೆ ಕೊಟ್ಟು, ಕಾಲಿನ ತೂತು ಕೊರೆದಿದ್ದೆ. ಬಂದವರು ಕಾಲು ಜೋಡಿಸಿ ನೋಡಿ, ಕೆಲಸಗಾರರೆಲ್ಲರ ಎದುರು, "ಕಾಲಗಲಿಸಿ ನಿಂತ ಕುಡುಕರ ಹಾಗಿವೆ" ಎಂದರು. "ಬೆಣೆ ಇಟ್ಟೇ ಕೊರ್ದಿದ್ದೀನಿ ಅಪ್ಪಾ, ಬೆಣೆಯಲ್ಲೇ ಏನೋ ಇದೆ" ಎಂದೆ ನೀನು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅವರು. ಬೆಣೆಯನ್ನು ನೋಡುವುದಕ್ಕೂ ಒಪ್ಪಲಿಲ್ಲ. ಓದುವ ಕೋಣೆಯವರು ಬೇರೆ ದಾರಿಯಿಲ್ಲದೆ ಕುರ್ಚಿಗಳನ್ನು ಇಟ್ಟುಕೊಂಡರು. ಅಪ್ಪ ತಾವು ಒಪ್ಪಿದ ಸಾಮಾನಿಗೆ ಹಾಕುವ ಗುರುತನ್ನು ಒಂದಕ್ಕೂ ಹಾಕಲಿಲ್ಲ. ಮುಂದಿನ ವಾರ ನೀನು ಊರು ಬಿಟ್ಟೆ. ನಲವತ್ತೆರಡು ವರ್ಷ ಆಯಿತು. ಮತ್ತೆ ಮರ ಮುಟ್ಟಲಿಲ್ಲ, ಈ ಮನೆಗೆ ಬರಲಿಲ್ಲ.

ನನಗೆ ಕುತೂಹಲ ತಡೆಯಲಿಲ್ಲ. ಕೈತಪ್ಪಿ ಕೊರೆದಿದ್ದರೆ ಒಂದೊಂದು ಕಾಲು ಒಂದೊಂದು ದಿಕ್ಕಿಗೆ ಇರಬೇಕಿತ್ತು. ಆರು ಕುರ್ಚಿ, ಇಪ್ಪತ್ತನಾಲ್ಕು ಕಾಲು, ಎಲ್ಲವೂ ಒಂದೇ ಓರೆ. ಮನೆಗೆ ಬಂದವಳೇ ಅಂದಿನ ದಿನಪತ್ರಿಕೆಯ ಹಾಳೆ ಕತ್ತರಿಸಿ ಎರಡು ಅಚ್ಚು ಮಾಡಿದೆ. ಒಂದು, ಆ ನಲವತ್ತಕ್ಕೆ ಮಾದರಿಯೆಂದು ಅಪ್ಪ ಮೊದಲು ಮಾಡಿ ಈಗಲೂ ಕೂರುವ ಕುರ್ಚಿಯ ಕಾಲಿನ ಓರೆಯದು. ಇನ್ನೊಂದು, ಅಪ್ಪನೇ ಮಾಡಿದ ಅಡುಗೆಮನೆಯ ಸ್ಟೂಲಿನದು. ಸೋಮವಾರ ಎರಡನ್ನೂ ಹಿಡಿದು ಅಂಗಡಿಗೆ ಹೋದೆ. ಮೊದಲನೆಯದು ಅಲ್ಲಿನ ಕುರ್ಚಿಗಳಿಗೆ ಕೂರಲಿಲ್ಲ. ಸ್ಟೂಲಿನ ಹಾಳೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅಂಗಡಿಯವನು ನನ್ನನ್ನು ಬೇರೆ ಅಂಗಡಿಯ ಗೂಢಚಾರಿಣಿ ಎಂದುಕೊಂಡಿರಬೇಕು, ಕನ್ನಡಕ ಇಳಿಸಿಕೊಂಡು ನೋಡುತ್ತಿದ್ದ.

ಅಂದರೆ ಆ ಎರಡು ದಿನ ಕೊರೆಯುವ ಹಲಗೆಯ ಮೇಲಿದ್ದದ್ದು ಕುರ್ಚಿಯ ಬೆಣೆಯಲ್ಲ, ಸ್ಟೂಲಿನ ಬೆಣೆ. ನೀನು ಹೇಳಿದ್ದು ಸರಿ. ನಿನ್ನ ಕೈ ನೆಟ್ಟಗಿತ್ತು.

ಮಗಳು ಆರೂ ಕುರ್ಚಿ ಕೊಂಡಳು. ದವಾಖಾನೆಗೆ ಸುಣ್ಣಬಣ್ಣ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರುತ್ತವೆ. ನಾನು ಹಿಂದಕ್ಕೆ ವಾಲಿ ನೋಡಿದೆ, ನಿಜಕ್ಕೂ ಬೀಳುವುದಿಲ್ಲ. ಕಣ್ಣು ಜೋಪಾನ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೋ. ನಿನ್ನವಳಿಗೆ ನನ್ನ ನೆನಪು ಹೇಳು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ ಎಂದು ಬರೆಯುವುದಿಲ್ಲ, ಮರೆತಿರಲಿಲ್ಲ. ಬೆಣೆ ಬದಲಾದದ್ದು ಹೇಗೆ ಎಂದು ಮೇಲೆ ಬರೆಯದೆ ಬಿಟ್ಟೆ. ಅದನ್ನು ತೆಗೆದವಳು ನಾನು. ಮಗಳಿಗೆ ಆಗ ನಾಲ್ಕು ತಿಂಗಳು. ಅಪ್ಪ ಹೊರಟ ಮಧ್ಯಾಹ್ನ, ನೀನು ಕೊರೆಯಲು ತೊಡಗುವ ಮೊದಲು, ಗಾಳಿಗೆ ಬಾಗಿಲು ಬಡಿದು ಅವಳು ಏಳುತ್ತಾಳೆಂದು ಕೆಳಗಿನ ಕೆಲಸದ ಮನೆಯ ಹಲಗೆಯ ಮೇಲಿದ್ದ ಬೆಣೆಯನ್ನು ತಂದು ನನ್ನ ಕೋಣೆಯ ಬಾಗಿಲಿಗೆ ಕೊಟ್ಟೆ. ಹಲಗೆ ಖಾಲಿ ಕಾಣಬಾರದೆಂದು ಅಲ್ಲೇ ನೆಲದ ಮೇಲೆ ಬಿದ್ದಿದ್ದ ಇನ್ನೊಂದನ್ನು ಇಟ್ಟೆ. ನನ್ನ ಕಣ್ಣಿಗೆ ಎರಡೂ ಒಂದೇ. ನೀನು "ಬೆಣೆಯಲ್ಲೇ ಏನೋ ಇದೆ" ಎಂದಾಗ ನಾನು ಮೆಟ್ಟಿಲ ಮೇಲಿದ್ದೆ. ಅನುಮಾನ ಆಗಲೇ ಬಂತು. ಅಪ್ಪನ ಮುಖ ನೋಡಿ ಬಾಯಿ ಬಿಡಲಿಲ್ಲ. ನಿಜವಾದ ಬೆಣೆ ಮೊನ್ನೆಯವರೆಗೂ ಆ ಬಾಗಿಲಿಗೇ ಇತ್ತು. ನಿನ್ನೆ ಅದನ್ನು ಅಪ್ಪನ ಕೈಗೆ ಕೊಟ್ಟು, ಕಿವಿಯ ಹತ್ತಿರ ಕೂತು, ಎಲ್ಲ ಹೇಳಿದೆ. ಬಯ್ಯಲಿಲ್ಲ. ಅದರ ಓರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಒಂದು ಕುರ್ಚಿಯನ್ನು ಮಗುಚಿ ಮೇಜಿನ ಮೇಲೆ ಇಡಿಸಿ ಪೆನ್ಸಿಲ್ ಕೇಳಿದರು. ಗುರುತು ಸೊಟ್ಟಗೆ ಬಿತ್ತು. ಆರಕ್ಕೂ ಹಾಕಿದರು. "ಅವ್ನು ಈಗ್ಲೂ ಬಾಯಲ್ಲಿ ಮೊಳೆ ಇಟ್ಕೋತಾನಾ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಬಂದು ನೀನೇ ಹೇಳು. ನನ್ನ ಮೇಲಿನ ಕೋಪವನ್ನೂ ಜೊತೆಗೇ ತಾ, ಕೂರಿಸಲು ಆರು ಕುರ್ಚಿ ಇವೆ.