ವಿರಾಮದ ಚುರುಮುರಿ

ಹೊಳೆ ಊರೊಳಗೆ ಬಂದ ನೂರಾ ತೊಂಬತ್ತೆಂಟನೆಯ ವರ್ಷ, ಕಾರಹುಣ್ಣಿಮೆಯ ಮಾರನೆಯ ದಿನ.

ಸಿನಿಮಾ ಮಂದಿರದ ಕುರ್ಚಿಗಳಲ್ಲಿ ಕೂತಿದ್ದ ಹಿರಿಯರಿಗೆ ನಮಸ್ಕಾರ.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನೀವು ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮಾತುಗಳನ್ನು ನಾವೂ ಹಾಗೆಯೇ ಹೊಟ್ಟೆಗೆ ಹಾಕಿಕೊಂಡು ಬೆಳೆದವರು.

ಈ ಕಥೆ ನಡೆದದ್ದು ನನ್ನ ಮುತ್ತಜ್ಜಿ ಹುಸೇನವ್ವನ ಕಾಲದಲ್ಲಿ, ಹೊಳೆ ಬಂದ ನೂರಾ ನಲವತ್ತನೆಯ ವರ್ಷ, ನಮ್ಮ ಊರಿನ ಬೀಜದ ಮನೆಯ ಮುಂದೆ. ಅವಳು ಸಿನಿಮಾ ಹೇಳುವವಳು. ಅದು ನಮ್ಮಲ್ಲಿ ಒಂದು ಕಸುಬು. ಹಿಂದೆ ನಮ್ಮೂರಲ್ಲಿ ಒಂದು ಹರಳು ಇತ್ತು. ಬೆಳಕು ತಾಗಿಸಿದರೆ ಚಿತ್ರ ಎದ್ದು ಕುಣಿಯುವ ಕಲ್ಲಿಗೆ ಹರಳು ಎನ್ನುತ್ತೇವೆ. ಅದರೊಳಗೆ ನಿಮ್ಮ ಕಾಲದ ಒಂದೇ ಒಂದು ಸಿನಿಮಾ, ಅದೂ ಅರ್ಧ. ಹುಸೇನವ್ವ ಹುಟ್ಟುವ ಮೊದಲೇ ಹರಳು ಸೀಳಿಹೋಯಿತು. ಅಲ್ಲಿಂದ ಆ ಅರ್ಧ ಸಿನಿಮಾ ಬಾಯಿಂದ ಬಾಯಿಗೆ ಬಂತು.

ಆ ಸಿನಿಮಾದ ಹೆಸರು ನಮಗೆ ತಿಳಿಯದು. ನಿಮಗೆ ಅದು ಒಂದು ವಾರ ಓಡಿ ಮರೆತುಹೋದ ಸಾಮಾನ್ಯ ಚಿತ್ರವಾಗಿದ್ದರೂ ಇರಬಹುದು. ನಮಗೆ ಅದೇ ಪುರಾಣ. ಒಂದೇ ಹಾಡಿನಲ್ಲಿ ಹುಡುಗಿ ಏಳು ಸೀರೆ ಬದಲಿಸುತ್ತಾಳೆ, ಹಾಡು ಮಾತ್ರ ತುಂಡಾಗುವುದಿಲ್ಲ. ಸೀರೆ ಅಂದರೆ ಜನ್ಮ, ಹಾಡು ಅಂದರೆ ಜೀವ ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಆರು ಮಂದಿ ಪುಂಡರು ನಾಯಕನನ್ನು ಸುತ್ತುವರಿದರೂ ಒಬ್ಬೊಬ್ಬರಾಗಿಯೇ ಮೈಮೇಲೆ ಬೀಳುತ್ತಾರೆ, ಉಳಿದವರು ಸರದಿ ಕಾಯುತ್ತಾರೆ. ಕಾಮ, ಕ್ರೋಧ ಮೊದಲಾದ ಆರು ವೈರಿಗಳೂ ಹೀಗೆಯೇ, ಎದುರಿಗೆ ಬಂದ ಒಂದನ್ನು ನೋಡಿಕೊ, ಉಳಿದವು ನಿಂತಿರುತ್ತವೆ ಎಂದು ಮಕ್ಕಳಿಗೆ ಕಲಿಸಿದೆವು. ಇದನ್ನು ಓದಿ ನೀವು ನಗುತ್ತೀರೇನೋ. ನಗಿರಿ, ನಾವೂ ನಕ್ಕಿದ್ದೇವೆ. ಆದರೆ ಆ ಅರ್ಥದ ಬಲದಿಂದ ಎಷ್ಟೋ ಮಂದಿ ದುಃಖ ದಾಟಿದ್ದಾರೆ.

ಕೊನೆಯಲ್ಲಿ ಅಣ್ಣ ತಮ್ಮನ ಎದುರು ನಿಂತು ಕುಡುಗೋಲು ಎತ್ತುತ್ತಾನೆ. ತಾಯಿ ಚೀರುತ್ತಾಳೆ. ಎತ್ತಿದ ಕೈ ಎತ್ತಿದಂತೆಯೇ ನಿಂತು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿರಾಮ’ ಎಂದು ಬರುತ್ತದೆ. ಹರಳು ಅಲ್ಲಿಗೆ ಮುಗಿಯುತ್ತಿತ್ತು. ನಮ್ಮವರು ಅದನ್ನು ಅಪ್ಪಣೆ ಎಂದು ತಿಳಿದರು. ಅಂದಿನಿಂದ ಊರಲ್ಲಿ ಯಾರೇ ಯಾರ ಮೇಲೆ ಕೈ ಎತ್ತಲಿ, ನೋಡಿದವರು ‘ವಿರಾಮ’ ಎಂದು ಕೂಗಬೇಕು, ಎತ್ತಿದ ಕೈ ಇಳಿಯಬೇಕು. ವಿರಾಮದಲ್ಲಿ ನೀವೆಲ್ಲ ಎದ್ದು ಹೋಗಿ ಏನಾದರೂ ತಿನ್ನುತ್ತಿದ್ದಿರೆಂದು ಕೇಳಿದ್ದೆವು. ಹಾಗಾಗಿ ಜಗಳವಾಡಿದ ಇಬ್ಬರೂ ಒಂದೇ ಮೊರದಿಂದ ಚುರುಮುರಿ ತಿನ್ನುವವರೆಗೆ ಆ ಜಗಳದ ಮಾತನ್ನು ಯಾರೂ ಎತ್ತಬಾರದೆಂದು ಕಟ್ಟು ಮಾಡಿದರು. ಬಹಳ ಜಗಳಗಳು ಆ ಚುರುಮುರಿಯಲ್ಲೇ ಕರಗಿದವು.

ಒಂದು ಕರಗಲಿಲ್ಲ. ಯಲಗೂರಪ್ಪ, ಮುದಕಪ್ಪ ಎಂಬ ಅಣ್ಣ ತಮ್ಮ ಸೇರಿ ಒಂದು ಹೊಳೆಬಂಡಿ ಇಟ್ಟಿದ್ದರು. ನೆಲದ ಮೇಲೆ ಗಾಲಿಯಲ್ಲೂ ನೀರಿನ ಮೇಲೆ ರೆಕ್ಕೆಯಲ್ಲೂ ಹೋಗುವ ಗಾಡಿ ಅದು. ಯಲಗೂರಪ್ಪನ ಹೆಂಡತಿ ಶಿವಗಂಗವ್ವನಿಗೆ ದಿನ ತುಂಬುವ ಮೊದಲೇ ನೋವು ಬಂತು. ಸೂಲಗಿತ್ತಿಯನ್ನು ಕರೆಯಲು ನೆರೆಯವರ ದೋಣಿಯಲ್ಲಿ ಹೋಗಿದ್ದ ಯಲಗೂರಪ್ಪ ಆಚೆ ದಂಡೆಯಲ್ಲಿದ್ದ. ಇತ್ತ ನೋವು ಹೆಚ್ಚಾದಾಗ ಮುದಕಪ್ಪ ಅತ್ತಿಗೆಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ಸೂಲಗಿತ್ತಿಯ ಕಡೆಗೆ ಹೊರಟ. ನಡುಹೊಳೆಗೆ ಬಂದ ಬಂಡಿ ಬೆನ್ನು ತಿರುಗಿಸಿ ಊರಿಗೆ ಮರಳಿದ್ದನ್ನು ಅಣ್ಣ ಆಚೆ ದಂಡೆಯಿಂದ ಕಣ್ಣಾರೆ ಕಂಡ. ಕೂಸು ಉಳಿಯಲಿಲ್ಲ. ಮರಳಿ ಬಂದವನೇ ಯಲಗೂರಪ್ಪ ತಮ್ಮನ ಮೇಲೆ ದೋಣಿಯ ಹುಟ್ಟು ಎತ್ತಿದ. ಹುಸೇನವ್ವ ‘ವಿರಾಮ’ ಎಂದು ಕೂಗಿದಳು. ಕೈ ಇಳಿಯಿತು. ಆದರೆ ಅವನು ಚುರುಮುರಿ ಮುಟ್ಟಲಿಲ್ಲ, ಹಾಗಾಗಿ ಆ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಹೀಗೆ ಒಂಬತ್ತು ವರ್ಷ. ಒಂದೇ ಓಣಿ, ಎದುರುಬದುರು ಬಾಗಿಲು, ಮಾತಿಲ್ಲ. ನಿಲ್ಲುವುದನ್ನು ಕಲಿತ ಊರಿಗೆ ಮತ್ತೆ ನಡೆಯುವುದು ಹೇಗೆಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ಗುಡ್ಡದ ಊರಿನವರಿಗೆ ಒಂದು ಹರಳು ಸಿಕ್ಕಿತು. ಅದೇ ಸಿನಿಮಾ, ವಿರಾಮದ ನಂತರದ್ದು. ಸುದ್ದಿ ಬಂದಾಗ ಯಲಗೂರಪ್ಪ ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ವಿಷಯಕ್ಕೆ ಬಾಯಿ ತೆರೆದ.

“ಅದರಾಗ ಅಣ್ಣ ಏನ ಮಾಡ್ತಾನೋ ನಾನೂ ಅದನ್ನ ಮಾಡಾಂವ. ಹೋಗಿ ನೋಡ್ಕೊಂಡ ಬಾ ಹುಸೇನವ್ವ. ಸುಳ್ಳ ಮಾತ್ರ ಹೇಳಬ್ಯಾಡ.”

ಊರಿನವರು ಅವಳ ಮನೆಗೆ ಬಂದು ಕೂತರು. ಅಲ್ಲಿ ಕೈ ಬಿದ್ದಿದ್ದರೂ ಇಲ್ಲಿ ಬಿದ್ದಿಲ್ಲ ಎಂದು ಹೇಳಿಬಿಡು ಎಂದು ಗೋಗರೆದರು. ಮುದಕಪ್ಪನೊಬ್ಬನೇ ಹಾಗೆ ಕೇಳಲಿಲ್ಲ. “ಕಂಡದ್ದನ್ನ ಹೇಳವ್ವ” ಅಂದ, “ನನಗೂ ಸಾಕಾಗೇತಿ.”

ಹುಸೇನವ್ವ ಗುಡ್ಡ ಹತ್ತಿ ಸಿನಿಮಾ ನೋಡಿಕೊಂಡು ಬಂದಳು. ಕಥೆಗೆ ಉಪ್ಪು ಖಾರ ಹಾಕಬಹುದು, ಕೈ ಬೀಳುವ ಜಾಗ ಬದಲಿಸಬಾರದು ಎಂಬುದು ಅವಳ ಗುರುವಿನ ಮಾತು. ಸಂಜೆ ಬೀಜದ ಮನೆಯ ಮುಂದೆ ಊರೆಲ್ಲ ಸೇರಿತು. ಯಲಗೂರಪ್ಪ ಎದುರಿಗೇ ಕೂತ, ಪಕ್ಕದಲ್ಲಿ ಶಿವಗಂಗವ್ವ. ಮುದಕಪ್ಪ ಕಂಬಕ್ಕೆ ಒರಗಿ ನಿಂತ.

“ಮೊದಲ ಹೇಳಿಬಿಡ್ತೀನಿ, ಕೈ ಬಿತ್ತು” ಅಂದಳು ಹುಸೇನವ್ವ. ಯಾರೋ ಅಯ್ಯೋ ಅಂದರು. “ಕುಡುಗೋಲ ಬೀಸಿ ಒಗದ. ತಮ್ಮನ ತಲಿ ಮ್ಯಾಲಿಂದ ಹಾದ ಹೋತು. ಅವನ ಬೆನ್ನ ಹಿಂದ ಗಿಡದ ಟೊಂಗಿಗೆ ಒಂದ ಹಾವ ಜೋತ ಬಿದ್ದಿತ್ತು. ಅದು ಎರಡ ತುಂಡಾತು. ಅಣ್ಣ ತಮ್ಮ ತಬ್ಬಿಕೊಂಡ್ರು. ಆಮ್ಯಾಲೆ ಮತ್ತೊಂದ ಹಾಡು.”

ಹಿಂದಿನ ಸಾಲಿನಿಂದ ಒಬ್ಬ ಮುದುಕ, “ಹಾವು? ನಮ್ಮಪ್ಪ ಸಾಯೂತನಕ ಆ ಕೈಗೆ ಕೈ ಮುಗಿದ್ನಲ್ಲೋ, ಒಂದ ಹಾವಿನ ಸಲುವಾಗಿ?” ಅಂದ. ಊರು ಬಿದ್ದು ಬಿದ್ದು ನಕ್ಕಿತು. ಯಲಗೂರಪ್ಪ ನಗಲಿಲ್ಲ. “ಇದೇನ ಆಟ ಹಚ್ಚಿ ಹುಸೇನವ್ವ. ನನ್ನ ತಮ್ಮನ ಹಿಂದ ಯಾವ ಹಾವಿತ್ತು?” ಎಂದು ಎದ್ದ.

ಹುಸೇನವ್ವ ಶಿವಗಂಗವ್ವನ ಕಡೆ ತಿರುಗಿದಳು. “ಚಿತ್ರನ ಮುಂದ ನಡೀತು ಅಂದಮ್ಯಾಲೆ ವಿರಾಮ ಮುಗೀತವ್ವ. ಇನ್ನ ಯಾರ ಬೇಕಾದ್ರೂ ಮಾತಾಡಬಹುದು.”

ಶಿವಗಂಗವ್ವ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. “ಸುಳಿ ಇತ್ತು” ಅಂದಳು. “ನೀವು ಆಚೆ ದಂಡಿಮ್ಯಾಲ ನಿಂತು ಬಂಡಿ ಬೆನ್ನ ನೋಡಿದ್ರಿ. ನಾ ಒಳಗ ಮಲಗಿ ನೀರ ನೋಡೀನಿ. ಮುಂದ ಹೊಳಿ ಬಾಯಿ ತಗದ ಬಿಟ್ಟಿತ್ತು. ಮೈದುನ ತಿರುಗಿಸದಿದ್ರ ಕೂಸಿನ ಸಂಗಾಟ ನಾನೂ ಹೋಗತಿದ್ದೆ. ಒಂಬತ್ತು ವರ್ಷ ನಿಮಗ ಅನ್ನ ಹಾಕೇನಿ, ಇಷ್ಟ ಹೇಳಾಕ ಆಗಲಿಲ್ಲ. ಊರ ಕಟ್ಟು ಅಂತ ಬಾಯಿ ಮುಚಗೊಂಡೆ.”

ಯಲಗೂರಪ್ಪ ಹೆಂಡತಿಯ ಪಕ್ಕ ಮತ್ತೆ ಕೂತ. ಸಿನಿಮಾದ ಕೊನೆಗೆ ‘ಶುಭಂ’ ಎಂದು ಬರುತ್ತದೆ ಎಂಬುದನ್ನು ಹುಸೇನವ್ವ ಮೆಲ್ಲಗೆ ಹೇಳಿ ಎದ್ದಳು.

ಹಿರಿಯರೇ, ಆ ಹಾವು ನಿಮಗೆ ಒಂದು ಆಟವಾಗಿತ್ತು ಎಂದು ನನಗೆ ಗೊತ್ತು. ಚುರುಮುರಿ ತಿಂದು ಮರಳಿ ಕುರ್ಚಿಗೆ ಬರಲಿ ಎಂದು ಯಾರೋ ಜಾಣ ನಿಮ್ಮನ್ನು ಸ್ವಲ್ಪ ಹೊತ್ತು ಹೆದರಿಸಿದ. ಅವನಿಗೆ ನಮ್ಮ ಊರಿನ ನಮಸ್ಕಾರ ತಿಳಿಸಿ. ಅವನು ಎತ್ತಿಸಿದ ಕೈ ನಮ್ಮನ್ನು ನೂರು ವರ್ಷ ಹೊಡೆದಾಟದಿಂದ ಕಾಯಿತು. ಆ ಕೈ ಬಿದ್ದ ಜಾಗ, ದೂರದಿಂದ ಕಂಡದ್ದನ್ನೇ ಪೂರ್ತಿ ಎಂದು ನಂಬಬೇಡಿ ಎಂದು ಕಲಿಸಿತು. ಈಗ ನಮ್ಮ ವಿರಾಮ ಒಂದು ಮೊರ ಚುರುಮುರಿ ಖಾಲಿಯಾಗುವಷ್ಟು ಹೊತ್ತು ಮಾತ್ರ, ಆಮೇಲೆ ಕಂಡವರು ಕಂಡದ್ದನ್ನು ಹೇಳಲೇಬೇಕು. ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಸಿನಿಮಾ ನೋಡಿ ಬಂದು ಮನೆಯ ಮಕ್ಕಳಿಗೆ ಕಥೆ ಹೇಳುವಾಗ ಅರ್ಧಕ್ಕೆ ನಿದ್ದೆ ಬಂತೆಂದು ಬಿಟ್ಟುಬಿಡಬೇಡಿ, ಕೊನೆಯವರೆಗೆ ಹೇಳಿ. ಆ ಮಕ್ಕಳ ಮಕ್ಕಳು ನಾವೇ.

ಹುಸೇನವ್ವ ಸಿನಿಮಾ ಹೇಳಿದ ಮರುದಿನ ಬೆಳಗ್ಗೆ ಊರಿನ ಅರ್ಧ ಜನ ಮನೆಯಿಂದ ಹೊರಬಿದ್ದವರೇ ಮೊದಲು ಗಿಡದ ಟೊಂಗೆ ನೋಡಿದರು, ಹಾವು ಇದೆಯೇನೋ ಎಂದು. ಆಮೇಲೆ ಯಲಗೂರಪ್ಪ ಮೊರ ತುಂಬ ಚುರುಮುರಿ ಹಿಡಿದು ಓಣಿ ದಾಟಿ ತಮ್ಮನ ಬಾಗಿಲಿಗೆ ಹೋದದ್ದನ್ನು ನೋಡಿದರು. ಇಬ್ಬರೂ ಹೊಸ್ತಿಲ ಮೇಲೆ ಕೂತು ತಿಂದರು. “ಉಪ್ಪ ಕಡಿಮಿ ಆಗೇತಿ ಅಣ್ಣ” ಅಂದ ಮುದಕಪ್ಪ. ನಂತರ ಇಬ್ಬರೂ ಸೇರಿ ಹೊಳೆಬಂಡಿಯನ್ನು ನೀರಿಗೆ ಇಳಿಸಿದರು, ಶಿವಗಂಗವ್ವ ಮೊರ ಹಿಡಿದು ಹತ್ತಿದಳು. ಮುದಕಪ್ಪ ಚುಕ್ಕಾಣಿ ಹಿಡಿದ, ಯಲಗೂರಪ್ಪ ಒಳಗೆ ಹೆಂಡತಿಯ ಪಕ್ಕದಲ್ಲಿ, ಅಂದು ಅವಳು ಮಲಗಿದ್ದ ಜಾಗದಲ್ಲಿ ಕೂತ. ಸುಳಿ ಎದ್ದಿದ್ದ ಜಾಗಕ್ಕೆ ಬಂಡಿ ಬಂದಾಗ ಶಿವಗಂಗವ್ವ ಮೊರದಲ್ಲಿ ಉಳಿದಿದ್ದ ಚುರುಮುರಿಯನ್ನು ಒಂದು ಹಿಡಿ ಎತ್ತಿ ನೀರಿಗೆ ಬಿಟ್ಟಳು. ದಂಡೆಯ ಮೇಲೆ ನಿಂತಿದ್ದವರು ಬಂಡಿ ತಿರುಗಿ ಊರಿಗೆ ಬರುವವರೆಗೆ ಕಾದು, ಕೈಕೊಟ್ಟು ಮೂವರನ್ನೂ ಇಳಿಸಿಕೊಂಡರು.