ನಾಲ್ಕು ಬಸ್ಸು ಬಿಟ್ಟವಳಿಗೆ

ಚೊಕ್ಕಮ್ಮಾ,

ನಿನ್ನ ಅಕ್ಷರ ಚೆನ್ನಾಗಿರುವುದೇ ನಮ್ಮಿಬ್ಬರಿಗೂ ಮುಳುವಾಯಿತು ನೋಡು.

ಈ ಹೆಸರು ನಿನಗೆ ಇಟ್ಟವನು ನಮ್ಮ ಆಫೀಸಿನ ಗುಮಾಸ್ತ. ಮೊದಲ ದಿನವೇ ನೀನು ಮೇಜಿನ ಧೂಳು ಒರೆಸಿ, ಕುರ್ಚಿ ನೇರ ಮಾಡಿ, ಡೈರಿಯ ಪುಟಪುಟಕ್ಕೂ ಸ್ಕೇಲಿಟ್ಟು ಮಾರ್ಜಿನ್ ಎಳೆಯುತ್ತಾ ಕೂತದ್ದನ್ನು ನೋಡಿ "ಬಂದ್ಲಪ್ಪ ಚೊಕ್ಕಮ್ಮ" ಅಂದಿದ್ದ. ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಅಂತಲೂ ಅವನೇ ನಿನಗೆ ಹೇಳಿರಬೇಕು. ಕೆಂಪು ಪೆನ್ನು. ಇಪ್ಪತ್ತೆರಡು ವರ್ಷದಿಂದ ಸಮಾಜಕಾರ್ಯ ಓದುವ ಮಕ್ಕಳು ಫೀಲ್ಡ್ ವರ್ಕಿಗೆ ಅಂತ ಈ ಆಫೀಸಿಗೆ ಬರುತ್ತಾರೆ, ನನ್ನ ಕೈಲಿ ಬೈಸಿಕೊಳ್ಳುತ್ತಾರೆ, ಒಬ್ಬಿಬ್ಬರು ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಾರೆ, ಕೊನೆಗೆ ಮಾರ್ಕ್ಸ್ ತಗೊಂಡು ಹೋಗುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ.

ನಿನ್ನ ಮೌಲ್ಯಮಾಪನದ ಫಾರಂ ನನ್ನ ಮೇಜಿನ ಮೇಲೆ ಬಿದ್ದುಕೊಂಡು ಇವತ್ತಿಗೆ ಹನ್ನೊಂದು ದಿನ. ಸೋಮವಾರದೊಳಗೆ ಕಾಲೇಜಿಗೆ ಮುಟ್ಟಬೇಕು. ಹದಿನಾಲ್ಕು ಕಾಲಂ ಇವೆ. ಸಮಯಪಾಲನೆಗೆ ಐದಕ್ಕೆ ಐದು ಹಾಕಿದ್ದೇನೆ. ಸಹೋದ್ಯೋಗಿಗಳೊಂದಿಗಿನ ನಡವಳಿಕೆಗೂ ಐದೇ; ಆ ಗುಮಾಸ್ತನೇ ಮೆಚ್ಚಿದ ಮೇಲೆ ಕಡಿಮೆ ಹಾಕಲು ನಾನ್ಯಾರು? ಹನ್ನೆರಡು ಕಾಲಂವರೆಗೆ ಸಲೀಸಾಗಿ ಬಂದೆ. ಹದಿಮೂರನೆಯದು 'ದಾಖಲೆ ಮತ್ತು ಪ್ರಾಮಾಣಿಕತೆ'. ಹದಿನಾಲ್ಕನೆಯದು ತೇರ್ಗಡೆಯೋ ಅಲ್ಲವೋ ಅನ್ನುವುದು. ಅಲ್ಲಿ ಪೆನ್ನು ನಿಂತುಹೋಯಿತು. ಫಾರಂಗೆ ನಿನ್ನ ಚೀಟಿಯನ್ನೂ ಪಿನ್ನು ಮಾಡಿಟ್ಟುಕೊಂಡಿದ್ದೇನೆ. "ಮೇಡಂ, ನಾನು ಈ ಕೆಲಸಕ್ಕೆ ತಕ್ಕವಳಲ್ಲ. ದಯವಿಟ್ಟು ಫೇಲ್ ಮಾಡಿ. ಪಾಸಾದ ಮೇಲೆ ಕೊಡುತ್ತೇವೆ ಎಂದಿದ್ದ ಆಸ್ಪತ್ರೆಯ ಕೆಲಸವೂ ಬೇಡ ಎಂದು ಅವರಿಗೆ ತಿಳಿಸಿಬಿಡುತ್ತೇನೆ." ಮೂರೇ ಸಾಲು, ಅದಕ್ಕೂ ಮಾರ್ಜಿನ್ ಎಳೆದಿದ್ದೀಯ.

ಆ ಚೀಟಿಗೆ ಉತ್ತರ ಇದು. ಉದ್ದವಾಗುತ್ತದೆ, ಸಹಿಸಿಕೋ.

ಡ್ರೈವರಣ್ಣನ ಕೇಸನ್ನು ನಿನಗೆ ಕೊಟ್ಟದ್ದು ನಾನೇ. ಇಪ್ಪತ್ತೆಂಟು ವರ್ಷ ಊರ ಬಸ್ಸು ಓಡಿಸಿದ ಮನುಷ್ಯ, ಸಕ್ಕರೆ ಕಾಯಿಲೆಯಿಂದ ಬಲಗಾಲು ಕಳೆದುಕೊಂಡು ಮೂರನೇ ಮಹಡಿಯ ಮನೆಯಲ್ಲಿ ಅಕ್ಕನ ಆಸರೆಯಲ್ಲಿ ಕೂತಿದ್ದಾರೆ. ಆಸ್ಪತ್ರೆಯವರು ಕೊಟ್ಟ ಕೃತಕ ಕಾಲು ಬಾಗಿಲ ಮೂಲೆಯಲ್ಲಿ ಕೊಡೆಯ ಪಕ್ಕ ನಿಂತಿರುತ್ತದೆ, ಅವರು ಮುಟ್ಟುವುದಿಲ್ಲ. ವಾರಕ್ಕೆರಡು ಸಲ ಫಿಸಿಯೋ ಬಂದು ವ್ಯಾಯಾಮ ಮಾಡಿಸುತ್ತಾರೆ, ಅದನ್ನೂ ಒಲ್ಲದ ಮನಸ್ಸಿನಿಂದ ಮಾಡುತ್ತಾರೆ. ಪ್ರತಿ ಗುರುವಾರ ಮೂರು ಗಂಟೆಗೆ ಹೋಗಿ ಅವರ ಜೊತೆ ಮಾತಾಡಿ ಬರುವುದು, ಬಂದು ಡೈರಿ ಬರೆಯುವುದು, ಇಷ್ಟೇ ನಿನ್ನ ಕೆಲಸ. ಇಷ್ಟೇ ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ ನಾನು.

ನಾಲ್ಕು ಗುರುವಾರ ನೀನು ಹೋಗಿಬಂದೆ. ಐದನೇ ಗುರುವಾರ ಏನಾಯಿತು ಅಂತ ನಿನ್ನ ಡೈರಿಯಲ್ಲಿ ಇಲ್ಲ. "ಕ್ಲೈಂಟ್ ಇಂದು ತುಸು ಬೇಸರದಲ್ಲಿದ್ದರು" ಅಂತಿದೆ. ನಡೆದದ್ದನ್ನು ಆಮೇಲೆ ನನ್ನೆದುರು ನಿಂತು ನೀನೇ ಹೇಳಿದೆ. ಪುಸ್ತಕದಲ್ಲಿ ಓದಿದಂತೆ "ನಿಮ್ಮ ನೋವು ನನಗೆ ಅರ್ಥ ಆಗುತ್ತೆ" ಅಂದೆಯಂತೆ. ಅವರು ಗೋಡೆ ಹಿಡಿದು ಕುಂಟುತ್ತಾ ಮೂಲೆಗೆ ಹೋಗಿ, ಆ ಕೃತಕ ಕಾಲನ್ನು ಎತ್ತಿ ನಿನ್ನ ಮುಂದೆ ಬಿಸಾಕಿ, "ಅರ್ಥ ಆಗುತ್ತಾ? ಹಂಗಾದ್ರೆ ನಿಂದೊಂದು ಕಾಲು ಇಲ್ಲಿಟ್ಟು ಹೋಗು" ಅಂದರಂತೆ. ಇಪ್ಪತ್ಮೂರು ವರ್ಷದ ಹುಡುಗಿ ನೀನು. ನಾನಾಗಿದ್ದರೂ ಹೆದರಿಬಿಡುತ್ತಿದ್ದೆ.

ಆರನೇ ಗುರುವಾರ, ಏಳನೇ ಗುರುವಾರ ನೀನು ಮೆಟ್ಟಿಲು ಹತ್ತಲಿಲ್ಲ. ಅವರ ಮನೆಯ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು, ಅಲ್ಲೇ ಡೈರಿ ಬರೆದೆ. ಆರನೆಯದರಲ್ಲಿ ಡ್ರೈವರಣ್ಣ ಕೃತಕ ಕಾಲು ಹಾಕಿಕೊಳ್ಳಲು ಒಪ್ಪಿದರು. ಏಳನೆಯದರಲ್ಲಿ ಹಾಕಿಕೊಂಡು ನಡೆದೇಬಿಟ್ಟರು. ಎಂಥ ಅಚ್ಚುಕಟ್ಟಾದ ಪ್ರಗತಿ! ಮರುದಿನ ಶುಕ್ರವಾರ, ನಾನು ಡೈರಿಗಳಿಗೆ ಸಹಿ ಹಾಕುವ ದಿನ. ಉಳಿದವರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಕನ್ನಡಕ ಮೂಗಿನ ತುದಿಗೆ ತಂದು ಓದುತ್ತಿದ್ದೆ. ನಿನ್ನದು ಕಣ್ಣಿಗೇ ಹಿತವಾಗಿತ್ತಲ್ಲ, ಕೊನೆಯ ಸಾಲು ನೋಡಿ ಸಹಿ ಹಾಕಿದೆ. ಅದೇ ವಾರ ಆಸ್ಪತ್ರೆಯಿಂದ ಕಾಗದ ಬಂದಿತ್ತು: ಸುಧಾರಿಸಿದವರ ಹೆಸರು ಕೊಡಿ, ಫಿಸಿಯೋಗಾಗಿ ಹೊಸಬರು ಕಾಯುತ್ತಿದ್ದಾರೆ ಅಂತ. ನಿನ್ನ ಪುಟ ನೋಡಿ ಡ್ರೈವರಣ್ಣನ ಹೆಸರು ಕಳಿಸಿದೆ. ಹಾಗೆ ಅವರ ವ್ಯಾಯಾಮವೂ ನಿಂತುಹೋಯಿತು, ಅಲ್ಲಿಗೆ ನಿನ್ನ ಗುರುವಾರಗಳೂ ಮುಗಿದವು.

ಎರಡು ವಾರ ಕಳೆದು ಅವರ ಅಕ್ಕ ಕಂಬಿ ಹಿಡಿದು ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರು. "ಫಿಸಿಯೋದವರು ಯಾಕಮ್ಮ ಬರ್ತಿಲ್ಲ? ನಿಮ್ಮುಡುಗೀನೂ ಬರ್ಲಿಲ್ಲ. ನನ್ ತಮ್ಮ ಮತ್ತೆ ಗೋಡೆ ಕಡೆ ತಿರುಗಿ ಮಲಗ್ಬಿಟ್ಟವನೆ" ಅಂದರು. ಅವರನ್ನು ಕೂರಿಸಿ, ನೀರು ಕೊಟ್ಟು, ನಿನ್ನ ಡೈರಿ ತೆಗೆದೆ. ಆಮೇಲೆ ನಿನ್ನನ್ನು ಕರೆಸಿ ಹೇಗೆ ಕೂಗಾಡಿದೆ ಅನ್ನುವುದನ್ನು ನಾನು ಬರೆಯಬೇಕಾಗಿಲ್ಲ, ಬೀದಿಗೇ ಕೇಳಿಸಿದೆ. ನೀನು ಒಂದೇ ಮಾತಿಗೆ "ಹೋಗಿರ್ಲಿಲ್ಲ ಮೇಡಂ, ಕೆಳಗೆ ಕೂತಿದ್ದೆ" ಅಂದೆ. ಒಂದು ನೆಪವನ್ನೂ ಹೇಳಲಿಲ್ಲ; ಐದನೇ ಗುರುವಾರದ್ದನ್ನೂ ನಾನು ಕೆದಕಿ ಕೇಳಿದ ಮೇಲೆಯೇ ಹೇಳಿದ್ದು. ಡೈರಿಯನ್ನು ಮೇಜಿನ ಮೂಲೆಗೆ ಸಮವಾಗಿ ಇಟ್ಟು ಹೋದವಳು ಮತ್ತೆ ಬರಲಿಲ್ಲ, ಚೀಟಿ ಮಾತ್ರ ಬಂತು.

ಈಗ ನನ್ನ ವಿಷಯ. ಇದನ್ನು ಬರೆಯಲು ಹನ್ನೊಂದು ದಿನ ಬೇಕಾಯಿತು.

ನೀನು ಹೋದ ಮೇಲೆ ಸಿಟ್ಟಿನಲ್ಲೇ ಫಾರಂ ತುಂಬಿಸಲು ಕೂತೆ. ಹಿಂದಿನ ಅಂಕ ನೋಡೋಣ ಅಂತ ನಿನ್ನ ಅರ್ಧಾವಧಿಯ ಫಾರಂ ಹುಡುಕಿ ತೆಗೆದೆ. ಅದರಲ್ಲಿ 'ಮಾರ್ಗದರ್ಶಕರು ವಿದ್ಯಾರ್ಥಿಯ ಜೊತೆ ಹೋದ ಭೇಟಿಗಳು' ಅಂತೊಂದು ಸಾಲಿದೆ. ಮುಂದೆ ನನ್ನ ಕೈಬರಹದಲ್ಲಿ ಎರಡು ಅಂತಿದೆ. ಎಷ್ಟು ಸಲ ಬಂದಿದ್ದೆ ನಾನು ನಿನ್ನ ಜೊತೆ? ಒಂದು ಸಲವೂ ಇಲ್ಲ. ಒಂದು ಗುರುವಾರ ಮೀಟಿಂಗು, ಇನ್ನೊಂದು ಗುರುವಾರ ಮಂಡಿನೋವು, ಮತ್ತೊಂದು ಗುರುವಾರ ಸೋಮಾರಿತನ. ಆ ಫಾರಂಗೆ ನೀನೂ ಸಹಿ ಹಾಕಬೇಕಿತ್ತು. ಆ ಸಾಲಿನ ಹತ್ತಿರ ನಿನ್ನ ಪೆನ್ನು ನಿಂತದ್ದು, ನೀನು ತಲೆ ಎತ್ತಿ ನನ್ನ ಮುಖ ನೋಡಿದ್ದು ಈಗ ಕಣ್ಣಿಗೆ ಕಟ್ಟಿದ ಹಾಗಿದೆ. "ಎಲ್ಲಾರೂ ಹಿಂಗೇ ಬರಿಯೋದು, ಹಾಕು ಹಾಕು" ಅಂದೆ ನಾನು, ಚಹಾ ಕುಡಿಯುತ್ತಾ. ನೀನು ಹಾಕಿದೆ.

ಹೋಗದ ಭೇಟಿಯನ್ನು ಹೋದೆ ಅಂತ ಬರೆಯುವುದನ್ನು ನಿನಗೆ ಯಾವ ಕಾಲೇಜೂ ಕಲಿಸಲಿಲ್ಲ. ನಾನು ಕಲಿಸಿದೆ. ನಾನು ಜೊತೆಗೆ ಬಂದಿದ್ದರೆ ಐದನೇ ಗುರುವಾರ ಆ ಕಾಲು ನನ್ನ ಮುಂದೆಯೂ ಬೀಳುತ್ತಿತ್ತು. ಮೆಟ್ಟಿಲಿಳಿಯುವಾಗ "ಮೇಡಂ, ಭಯ ಆಯ್ತು" ಅಂತ ನೀನು ಹೇಳಿರುತ್ತಿದ್ದೆ, "ನಂಗೂ ಆಯ್ತು ಕಣೇ" ಅಂತ ನಾನೂ ಒಪ್ಪಿಕೊಂಡಿರುತ್ತಿದ್ದೆ. ಅಷ್ಟಾಗಿದ್ದರೆ ಸಾಕಿತ್ತು. ನನಗೆ ನಾಚಿಕೆಯಾಗಿದೆ ಚೊಕ್ಕಮ್ಮ, ಇದನ್ನು ಸುತ್ತಿ ಬಳಸಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಮೊನ್ನೆ ಗುರುವಾರ ಮೂರು ಗಂಟೆಗೆ ನಾನೇ ಹೋದೆ. ಐವತ್ನಾಲ್ಕು ಮೆಟ್ಟಿಲಿವೆ, ನೀನು ಎಣಿಸಿಯೇ ಇರುತ್ತೀಯ. ನನ್ನ ಮಂಡಿ ಒಂದೊಂದಕ್ಕೂ ನನ್ನನ್ನು ಬೈಯಿತು. ಡ್ರೈವರಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು, ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿ ಎರಡು ಸಲ ಬರಲಿಲ್ಲ, ಬಂದೆ ಅಂತ ಬರೆದಳು, ನಾನು ಓದದೆ ಸಹಿ ಹಾಕಿದೆ, ನಿಮ್ಮ ವ್ಯಾಯಾಮ ನಿಲ್ಲಿಸಿದ್ದೂ ನಾನೇ ಅಂದೆ. ಬೈಗುಳಕ್ಕೆ ಬೆನ್ನು ಕೊಟ್ಟು ಕೂತೆ. ಅವರು ಬೈಯಲಿಲ್ಲ.

"ಬಂದಿದ್ಲಲ್ಲಾ," ಅಂದರು. "ಕೆಳಗಡೆ ಸ್ಟಾಪಲ್ಲಿ ಕೂತಿದ್ಲು. ಇಪ್ಪತ್ತೆಂಟು ವರ್ಷ ಬಸ್ ಓಡ್ಸಿದೀನಿ ಮೇಡಂ, ಸ್ಟಾಪಲ್ಲಿ ಇರೋರಲ್ಲಿ ಹತ್ತೋರು ಯಾರು, ಹತ್ತದೆ ಇರೋರು ಯಾರು ಅಂತ ದೂರದಿಂದ್ಲೇ ಗೊತ್ತಾಗ್ಬಿಡುತ್ತೆ. ನಾಲ್ಕು ಬಸ್ಸು ಬಿಟ್ಲು. ಅಕ್ಕಂಗೆ ಹೇಳ್ದೆ, ಹುಡುಗಿ ಧೈರ್ಯ ಮಾಡ್ಕೋತಾ ಅವ್ಳೆ, ಈಗ ಬರ್ತಾಳೆ ನೋಡು ಅಂತ. ಐದನೇ ಬಸ್ ಹತ್ಕೊಂಡು ಹೋಗ್ಬಿಟ್ಲು."

ಅದು ಆರನೇ ಗುರುವಾರದ ಕಥೆ. ಏಳನೆಯದರ ಮಾತು ಬಂದಾಗ ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅಕ್ಕ ಹೇಳಿದರು. "ಆ ದಿನ ಬೆಳಗ್ಗಿಂದ ನನ್ ಪ್ರಾಣ ತಿಂದ. ಆ ಕಾಲು ಕೊಡಕ್ಕ, ಪಟ್ಟಿ ಕಟ್ಟಕ್ಕ ಅಂತ. ಆ ಮಗೂನ ಹೆದರ್ಸಿ ಕಳಿಸ್ಬಿಟ್ಟೆ, ಹಾಕ್ಕೊಂಡು ತೋರಿಸ್ತೀನಿ, ಆಗ ಮೇಲೆ ಬರ್ತಾಳೆ ಅಂದ. ನನ್ ಹೆಗಲು ಹಿಡ್ಕೊಂಡು ಕಿಟಕಿ ತನಕ ನಡ್ದ. ಸರಳು ಹಿಡ್ಕೊಂಡು ನಿಂತ. ಬೆವರು ಸುರೀತಿತ್ತು ಕಣಮ್ಮ. ಸರಳು ಬಡಿದು ಕರ್ದ, ಬಸ್ಸಿನ ಸದ್ದಲ್ಲಿ ಎಲ್ ಕೇಳ್ಬೇಕು? ಆ ಮಗು ತಲೇನೇ ಎತ್ಲಿಲ್ಲ. ತೊಡೆ ಮೇಲೆ ಪುಸ್ತಕ ಇಟ್ಕೊಂಡು ಏನೋ ಬರೀತಾ ಇತ್ತು."

ಕೆಳಗಿಳಿದು ಅದೇ ಬೆಂಚಿನ ಮೇಲೆ ಕೂತೆ. ಚೀಲದಲ್ಲಿ ನಿನ್ನ ಡೈರಿ ಇತ್ತು. ಏಳನೇ ಗುರುವಾರದ ಪುಟ ತೆಗೆದು ಈ ಸಲ ಕೊನೆಯ ಸಾಲೊಂದನ್ನೇ ಅಲ್ಲ, ಪೂರ್ತಿ ಓದಿದೆ. "ಕ್ಲೈಂಟ್ ಇಂದು ಕೃತಕ ಕಾಲು ಧರಿಸಿ, ಅಕ್ಕನ ಸಹಾಯದಿಂದ ಕಿಟಕಿಯವರೆಗೆ ನಡೆದರು. ಸುಮಾರು ಹತ್ತು ನಿಮಿಷ ನಿಂತಿದ್ದರು."

ಅವರು ನಿಂತಿದ್ದರು ಚೊಕ್ಕಮ್ಮ. ನೀನು ಅದನ್ನು ಸುಳ್ಳು ಅಂದುಕೊಂಡು ಬರೆಯುತ್ತಿದ್ದಾಗ, ನಿನ್ನ ತಲೆಯ ಮೇಲೆ ಮೂರು ಮಹಡಿ ಎತ್ತರದಲ್ಲಿ, ನಿನಗೋಸ್ಕರವೇ ನಿಂತಿದ್ದರು.

ಒಂದು ಗಳಿಗೆ ನನ್ನ ಬುದ್ಧಿ ಹಳೆಯ ದಾರಿಯಲ್ಲೇ ಓಡಿತು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಬರೆದದ್ದು ನಿಜವೇ ಆಯಿತಲ್ಲ, ತೇರ್ಗಡೆ ಮಾಡಿ ಕೈ ತೊಳೆದುಕೊಳ್ಳೋಣ, ಹುಡುಗಿಗೆ ಕೆಲಸ ಸಿಗುತ್ತದೆ, ನನ್ನ ಎರಡು ಭೇಟಿಯೂ ಮುಚ್ಚಿಹೋಗುತ್ತದೆ ಅಂತ. ಆದರೆ ಅವರು ನಿಂತದ್ದನ್ನು ನೀನು ನೋಡಲಿಲ್ಲ. ನೋಡಿದ್ದರೆ ಅವರು ಇವತ್ತು ನಡೆಯುತ್ತಿದ್ದರೋ ಏನೋ. ಆ ಸಂಜೆ ಬಿಚ್ಚಿ ಮೂಲೆಗಿಟ್ಟ ಕಾಲನ್ನು ಅವರು ಮತ್ತೆ ಹಾಕಿಲ್ಲ.

ಹಾಗಾಗಿ ಇವತ್ತು ಫಾರಂ ತುಂಬಿಸಿದೆ. ಹದಿಮೂರಕ್ಕೆ ಒಂದು ಅಂಕ ಹಾಕಿದ್ದೇನೆ. ಆ ಒಂದು, ನೀನು ನನ್ನೆದುರು ನೆಪ ಹೇಳದೆ ನಿಂತದ್ದಕ್ಕೆ. ಹದಿನಾಲ್ಕರಲ್ಲಿ, ತೇರ್ಗಡೆ ಇಲ್ಲ, ಆರು ವಾರ ಮತ್ತೆ ಫೀಲ್ಡ್ ವರ್ಕ್ ಮಾಡಬೇಕು ಅಂತ ಬರೆದಿದ್ದೇನೆ. ಆಸ್ಪತ್ರೆಯ ಕೆಲಸ ಅಷ್ಟು ದಿನ ನಿನಗಾಗಿ ಕಾಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಯದಿರಬಹುದು. ಅದು ಗೊತ್ತಿದ್ದೂ ಬರೆದೆ. ಫಾರಂನ ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿಯೇ ನನ್ನ ಬಗ್ಗೆ ಬರೆದಿದ್ದೇನೆ: ಅರ್ಧಾವಧಿಯಲ್ಲಿ ನಮೂದಿಸಿದ ಎರಡೂ ಭೇಟಿ ಸುಳ್ಳು, ವಿದ್ಯಾರ್ಥಿಯ ಡೈರಿ ಓದದೆ ಸಹಿ ಮಾಡಿದ್ದೇನೆ, ಇದರಿಂದ ಒಬ್ಬರ ಚಿಕಿತ್ಸೆ ನಿಂತಿದೆ. ಕಾಲೇಜಿನವರು ನನ್ನನ್ನು ಮಾರ್ಗದರ್ಶಕರ ಪಟ್ಟಿಯಿಂದ ತೆಗೆಯಬಹುದು. ತೆಗೆದರೆ ನಿನ್ನ ಆರು ವಾರಕ್ಕೆ ಬೇರೆ ಯಾರಾದರೂ ಸಿಗುತ್ತಾರೆ, ಡೈರಿ ಓದುವವರೇ ಸಿಗಲಿ.

ನೀನು ಈ ಕೆಲಸಕ್ಕೆ ತಕ್ಕವಳಲ್ಲ ಅಂತ ಬರೆದಿದ್ದೀಯಲ್ಲ, ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ, ಅದನ್ನು ನೀನೂ ತುಂಬಿಸಬೇಡ. ಹೆದರಿದವಳು ಮನೆಗೆ ಹೋಗಬಹುದಿತ್ತು, ಸಿನಿಮಾಕ್ಕೆ ಹೋಗಬಹುದಿತ್ತು. ನೀನು ಎರಡು ಗುರುವಾರವೂ ಮೂರು ಗಂಟೆಗೆ ಸರಿಯಾಗಿ ಅವರ ಮನೆಯ ಎದುರಿಗೇ ಬಂದು ಕೂತೆ. ಹತ್ತಲು ಉಳಿದದ್ದು ಐವತ್ನಾಲ್ಕು ಮೆಟ್ಟಿಲು.

ಫಿಸಿಯೋದವರ ಜಾಗ ಬೇರೆಯವರಿಗೆ ಹೋಗಿದೆ, ಮತ್ತೆ ಸಿಗಲು ಒಂದು ತಿಂಗಳಾದರೂ ಬೇಕಂತೆ. ಅಲ್ಲಿಯವರೆಗೆ ಇರಲಿ ಅಂತ, ನಾನು ಗೋಗರೆದ ಮೇಲೆ ನಿನ್ನೆ ಒಮ್ಮೆ ಬಂದು ಅಕ್ಕನಿಗೆ ವ್ಯಾಯಾಮ ಹೇಳಿಕೊಟ್ಟು ಹೋಗಿದ್ದಾರೆ. ಅಕ್ಕ ಒಬ್ಬರ ಹೆಗಲು ಸಾಲುವುದಿಲ್ಲ, ಎರಡೂ ಕಡೆ ಹಿಡಿಯಬೇಕು. ನಾನು ಹೊರಡುವಾಗ ಡ್ರೈವರಣ್ಣ ಕಿಟಕಿಯಿಂದ ಮುಖ ತಿರುಗಿಸದೆಯೇ ಅಂದರು: "ಬರೋದಾದ್ರೆ ಬರ್ಲಿ. ಅರ್ಥ ಆಗುತ್ತೆ ಅಂತ ಮಾತ್ರ ಅನ್ಬೇಡ ಅನ್ನಿ."

ಬರುವ ಗುರುವಾರ ಮೂರು ಗಂಟೆಗೆ ಆ ಬೆಂಚಿನ ಮೇಲೆ ನಾನಿರುತ್ತೇನೆ. ಇದು ಯಾವ ಫಾರಂಗೂ ಸೇರದ ಭೇಟಿ, ಅಂಕ ಇಲ್ಲ. ಎಷ್ಟು ಬಸ್ಸು ಬೇಕಾದರೂ ಬಿಡೋಣ, ನನಗೂ ಧೈರ್ಯ ಸಾಲದು. ಬೆಂಚಿನ ಮೇಲೆ ಕೂತ ಕೂಡಲೇ ತಲೆ ಎತ್ತಿ ಮೇಲೆ ನೋಡು, ಅಷ್ಟು ಮಾಡು ಸಾಕು.

ಇನ್ನು ಮೇಲೆ ಮೆಟ್ಟಿಲು ಹತ್ತಿ ಇಳಿದು ದಣಿದ ಕೈಯಲ್ಲಿ ಬರೆ ನೀನು, ನಿನ್ನ ಅಕ್ಷರ ಸೊಟ್ಟಗಾಗಲಿ. ಓದಲು ನಾನು ಕನ್ನಡಕ ಒರೆಸಿಟ್ಟುಕೊಂಡಿರುತ್ತೇನೆ.

ಪ್ರೀತಿಯಿಂದ,
ನಿನ್ನ ಕೆಂಪು ಪೆನ್ನು