ಮಲಾವಿಯಲ್ಲಿ ನನ್ನ ಬೇರೆ ತಾಟು

ಅವ್ವಾ,

ನಿನ್ನ ಕೊಟ್ರೇಶ ಮಾಡುವ ನಮಸ್ಕಾರ.

ಸುವಾರ್ತೆ ಸಾರಲು ಆಫ್ರಿಕಾದ ಈ ಊರಿಗೆ ಬಂದು ಮೂರು ತಿಂಗಳಾಯಿತು. ನಮ್ಮ ತಿಳವಳ್ಳಿಯಲ್ಲಿ ಕೋಳಿ ಆಹಾರಕ್ಕೆಂದು ಮಾರುವ ಗೋವಿನಜೋಳದ ಮುದ್ದೆಯೇ ಇಲ್ಲಿ ಎರಡು ಹೊತ್ತಿನ ಊಟ. ಅದು ಒಗ್ಗಿದೆ.

ಮಿಷನ್ ಮನೆಯ ಹಿರಿಯ ಪಾಸ್ಟರು ನಮ್ಮ ಸೀಮೆಯವರೇ. ಬಂದ ವಾರವೇ ಅವರ ಹೆಂಡತಿ, "ತಿಳವಳ್ಳ್ಯಾಗ ನಿಮ್ಮ ಮನಿ ಯಾವ ಓಣ್ಯಾಗೈತ್ರಿ?" ಎಂದು ಕೇಳಿದರು. ದೀಕ್ಷಾಸ್ನಾನದ ದಿನ, ಇನ್ನು ಯಾರೂ ಓಣಿ ಕೇಳುವುದಿಲ್ಲ ಎಂದು ನಿನಗೆ ಹೇಳಿದವನು ನಾನೇ. ಆದರೂ ಸುಳ್ಳು ಹೇಳದೆ, ಊರಾಚೆಯ ನಮ್ಮ ಕೇರಿಯನ್ನೇ ಹೇಳಿದೆ.

ಮರುದಿನ ನನ್ನ ತಾಟು, ಲೋಟ ಹಿತ್ತಲ ಕಟ್ಟೆಯ ಮೇಲಿದ್ದವು.

"ಇದೇನ್ರಿ ಪಾಸ್ಟರ್?" ಎಂದೆ.

"ಆಕಿಗೆ ಮೊದಲಿಂದ ಹಂಗ ರೂಢಿ. ಮನಸ್ಸಿಗೆ ಹಚ್ಕೋಬ್ಯಾಡ ತಮ್ಮಾ," ಎಂದು ಹೇಳಿ ಅವರು ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಶುರುಮಾಡಿದರು.

ಅಂದೇ ಹೊರಬಿದ್ದೆ. ಈಗ ಇಲ್ಲಿನ ಒಬ್ಬ ಮುದುಕಿಯ ಮನೆಯಲ್ಲಿದ್ದೇನೆ. ಅವಳು ತಾನೇ ನನ್ನ ಕೈಗೆ ನೀರು ಹಾಕಿ, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಾಳೆ.

ತಂಗಿ ವಿದ್ಯಾ ಇದೇ ಮಿಷನ್‌ಗೆ ಅರ್ಜಿ ಹಾಕಿದ್ದಾಳಂತೆ. ನಾನು ಮಿಷನ್ ಮನೆ ಬಿಟ್ಟು ಶಿಸ್ತು ಮುರಿದೆನೆಂದು ಪಾಸ್ಟರು ನಮ್ಮೂರ ಚರ್ಚಿನ ಸಭೆಗೆ ಬರೆಯಬಹುದು. ಅದಕ್ಕೂ ಮೊದಲು ಅವಳಿಗೆ ಈ ಪತ್ರ ಕೊಡು. ನಾನು ಯೇಸುವನ್ನು ಬಿಟ್ಟಿಲ್ಲ ಎಂದೂ ಹೇಳು. ಆಮೇಲೆ ಅವಳಿಷ್ಟ.

ನಿನ್ನ ಮಗ,
ಕೊಟ್ರೇಶ